ಮಾಟದ ಪುಸ್ತಕದ ನೂರಾ ಹನ್ನೆರಡನೆಯ ಪುಟ

“ಸಂಜೆ ಐದು ಗಂಟೆ,” ಎಂದು ಇನ್ಸ್‌ಪೆಕ್ಟರ್ ಆ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು. “ಅಷ್ಟರಲ್ಲಿ ನೀವು ಏನಾದ್ರೂ ತೋರಿಸಿದ್ರೆ ಸರಿ. ಇಲ್ಲಾಂದ್ರೆ ನಿಮ್ಮ ಹುಡುಗೀನ ಕರ್ಕೊಂಡು ಹೋಗ್ಲೇಬೇಕಾಗುತ್ತೆ.”

ಹೇಳಿ ಎರಡು ಸಲ ಸೀನಿದರು. ಹಳೆಯ ಪುಸ್ತಕದ ಧೂಳು ಅವರಿಗೆ ಆಗಿಬರುವುದಿಲ್ಲ. ಲೈಬ್ರರಿಯ ಹಿಂಬದಿಯಲ್ಲಿರುವ ನನ್ನ ರಿಪೇರಿ ಕೋಣೆಗೆ ಬಂದಾಗಲೆಲ್ಲ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಮಾತಾಡುತ್ತಾರೆ.

“ಪುಸ್ತಕ ಕೊಟ್ಟಿದ್ದಕ್ಕೆ ಅರೆಸ್ಟು ಅಂತ ಯಾವ ಕಾನೂನಿನಲ್ಲಿದೆ?” ಎಂದೆ.

“ಮಾಟ ಮಂತ್ರದ ಪುಸ್ತಕ. ಅದರಲ್ಲಿ ಬರೆದ ಹಾಗೆ ಕಷಾಯ ಮಾಡಿ ಒಬ್ಬರು ಹೆಂಗಸು ಕುಡಿದಿದ್ದಾರೆ. ಮೂರು ದಿನ ಆಯ್ತು, ಕಣ್ಣು ಬಿಟ್ಟಿಲ್ಲ. ಇದೇ ಪುಸ್ತಕ ಓದಿ ಅಂತ ಪಟ್ಟಿ ಮಾಡಿ ಕೊಟ್ಟಿದ್ದು ನಿಮ್ಮ ಅಕ್ಕನ ಮಗಳು. ದೂರು ಕೊಟ್ಟವರು ಆ ಹೆಂಗಸಿನ ಮೈದುನ. ನಾನೇನು ಮಾಡ್ಲಿ ಹೇಳಿ.”

“ಅವಳು ಇರುವೆ ತುಳಿಯೋಕೂ ಹೆದರೋಳು.”

“ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ.”

“ನಾನು ಹೆತ್ತಿಲ್ಲ ಸಾಹೇಬ್ರೇ, ಸಾಕಿದ್ದೀನಿ. ಸಾಕಿದವರಿಗೆ ಕಣ್ಣು ಸ್ವಲ್ಪ ಚುರುಕಾಗೇ ಇರುತ್ತೆ.”

ಅವರು ಮತ್ತೊಮ್ಮೆ ಸೀನಿ ಹೊರಟರು. ಬಾಗಿಲ ಹೊರಗೆ ಒಬ್ಬ ಕಾನ್‌ಸ್ಟೇಬಲ್ ಸ್ಟೂಲಿನ ಮೇಲೆ ಕೂತ. ಪುಸ್ತಕವನ್ನು ಕೋಣೆಯಿಂದ ಆಚೆ ಒಯ್ಯುವಂತಿಲ್ಲ. ಗೋಡೆಯ ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು.

ನನಗೆ ಈ ಅವಕಾಶ ಸಿಕ್ಕಿದ್ದೇ ದೊಡ್ಡದು. ಹೋದ ವರ್ಷ ಒಂದು ಸುಳ್ಳು ದಸ್ತಾವೇಜಿನ ಹೊಲಿಗೆ ನೋಡಿ, ಇದು ಅರವತ್ತು ವರ್ಷ ಹಳೆಯದಲ್ಲ, ಆರು ತಿಂಗಳದ್ದು ಎಂದು ಹೇಳಿದ್ದೆ. ಅಂದಿನಿಂದ ಈ ಮನುಷ್ಯನಿಗೆ ನನ್ನ ಮೇಲೆ ಚೂರು ನಂಬಿಕೆ. ಮೂವತ್ತೊಂದು ವರ್ಷದಿಂದ ನಾನು ಈ ಲೈಬ್ರರಿಯ ಬೈಂಡರ್. ಎಲ್ಲರೂ ಸೂಜಿಯಮ್ಮ ಎನ್ನುತ್ತಾರೆ. ಕೈಯಲ್ಲಿರುವ ಸೂಜಿ ನೋಡಿ ಕರೆಯುತ್ತಾರೋ ನನ್ನ ನಾಲಿಗೆ ನೋಡಿ ಕರೆಯುತ್ತಾರೋ, ಕೇಳಲು ಹೋಗಿಲ್ಲ.

ಅಕ್ಕ ತೀರಿಕೊಂಡಾಗ ಪುಟ್ಟಿಗೆ ಒಂಬತ್ತು ವರ್ಷ. ಈ ಕೋಣೆಯ ರಟ್ಟಿನ ಚೂರುಗಳ ನಡುವೆಯೇ ಬೆಳೆದಳು. ಈಗ ಅವಳೇ ಇಲ್ಲಿನ ಲೈಬ್ರರಿಯನ್. ಊರಿಗೆಲ್ಲ ‘ಮೇಡಂ’, ನನಗೆ ಮಾತ್ರ ಪುಟ್ಟಿ. ಅವಳ ಕೈಗೆ ಕೋಳ ಬೀಳುವುದನ್ನು ನೋಡುವ ಮೊದಲು ನನ್ನ ಕಣ್ಣು ಹೋದರೂ ಸರಿ ಎಂದುಕೊಂಡು ಕನ್ನಡಕ ಏರಿಸಿದೆ.

ಪುಸ್ತಕ ತೆರೆಯುವ ಮೊದಲು ಕಂಪಾಸ್ ಟೀಚರ್ ವಿಷಯ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿರುವುದು ಅವರೇ.

ನಲವತ್ತು ವರ್ಷ ರೇಖಾಗಣಿತ ಹೇಳಿಕೊಟ್ಟವರು. ಗಂಡ ಹೋದ ಮೇಲೆ ಒಂದು ದಿನ ನೋಟ್‌ಬುಕ್ ಹಿಡಿದು ಕೌಂಟರಿಗೆ ಬಂದು, “ನಂಗೆ ವಿಕ್ಕಾ ಅಂತ ಇಂಗ್ಲೆಂಡಿನ ಕಡೆಯ ಪ್ರಕೃತಿ ಪೂಜೆಯ ಪಂಥದ ಬಗ್ಗೆ ಓದ್ಬೇಕು. ಮಾಟ, ಪೇಗನ್ ದಾರಿ, ಅದೆಲ್ಲ. ಮೊದ್ಲು ಯಾವ ಪುಸ್ತಕ, ಆಮೇಲೆ ಯಾವುದು?” ಎಂದು ಕೇಳಿದರು. ಹಿಂದೆ ನಿಂತಿದ್ದವರೊಬ್ಬರು ಎರಡು ಹೆಜ್ಜೆ ಹಿಂದಕ್ಕೆ ಸರಿದದ್ದನ್ನು ನಾನೇ ನೋಡಿದ್ದೇನೆ.

ಪುಟ್ಟಿ ನಗಲಿಲ್ಲ. ಕುರ್ಚಿ ಹಾಕಿ ಕೂರಿಸಿದಳು.

“ಮೊದ್ಲು ಇತಿಹಾಸ ಓದಿ ಟೀಚರ್,” ಎಂದಳು. “ವಿಕ್ಕಾ ಈಗಿರೋ ರೂಪಕ್ಕೆ ಬಂದಿದ್ದು ಹೋದ ಶತಮಾನದಲ್ಲಿ. ಸಾವಿರಾರು ವರ್ಷದಿಂದ ಒಂದಕ್ಷರ ಬದಲಾಗದೆ ಬಂದಿದೆ ಅಂತ ಮೊದಲ ಪುಟದಲ್ಲೇ ಬರೆದಿದ್ರೆ ಆ ಪುಸ್ತಕ ಕೆಳಗಿಡಿ. ಆಮೇಲೆ ಆ ದಾರೀಲಿ ನಡೆದವರು ಯಾರಾದ್ರೂ ತಮ್ಮ ಬಗ್ಗೆ ನಿಜವಾಗಿ ಬರೆದಿರೋದು ಒಂದು. ಋತು, ಹುಣ್ಣಿಮೆ, ಆಚರಣೆ ಎಲ್ಲ ಅದಾದ ಮೇಲೆ.”

“ಗಂಡನ್ನ ವಶ ಮಾಡ್ಕೊಳ್ಳೋದು ಹೇಗೆ ಅನ್ನೋ ಪುಸ್ತಕ?”

“ಏಳು ದಿನದಲ್ಲಿ ಅದು, ಮೂರು ರಾತ್ರೀಲಿ ಇದು ಅನ್ನೋ ಪುಸ್ತಕ ನಾನು ಕೊಡಲ್ಲ.”

“ಗಂಡನೂ ಇಲ್ಲ ಬಿಡು,” ಎಂದು ಟೀಚರ್ ನಕ್ಕರು. ಗಂಡ ಹೋದಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ.

ಗಿಡಮೂಲಿಕೆಯ ಪುಸ್ತಕದಲ್ಲಂತೂ ಪುಟ್ಟಿ ಕಡ್ಡಿ ಮುರಿದ ಹಾಗೆ. ಎಷ್ಟು ಹಾಕಬೇಕು, ಯಾರು ಕುಡಿಯಬಾರದು, ಯಾವಾಗ ಡಾಕ್ಟರ ಹತ್ತಿರ ಓಡಬೇಕು ಎಂದು ಬರೆಯದ ಪುಸ್ತಕ ಅವಳ ಶೆಲ್ಫು ಹತ್ತುವುದಿಲ್ಲ. ಒಲ್ಲೆ ಎಂದ ಪುಸ್ತಕಗಳಿಗೆಂದೇ ಒಂದು ಬೀರು ಇದೆ. ಅದರ ಬೀಗದ ಕೈ ಅವಳ ಗೊಂಚಲಲ್ಲಿರುತ್ತದೆ. ಪ್ರತಿ ಪುಸ್ತಕಕ್ಕೂ ಒಂದು ಹಾಳೆ. ಅದರ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ಬೇಡ’, ಕೆಳಗೆ ಕಾರಣ. ಅಪಾಯದ ಸಾಲುಗಳಿದ್ದರೆ ಅವನ್ನೂ ನಕಲು ಮಾಡಿ ಬರೆದಿಡುತ್ತಾಳೆ. ಕಮಿಟಿಯವರು ಯಾಕೆ ಎಂದು ಕೇಳಿದರೆ ಮುಖಕ್ಕೆ ಹಿಡಿಯಬೇಕಲ್ಲ.

ಇಂಥವಳು ವಿಷದ ಪುಸ್ತಕ ಕೊಟ್ಟಳಂತೆ. ನನಗೆ ಮೈಯೆಲ್ಲ ಉರಿಯಿತು.

ಪುಸ್ತಕ ತೆರೆದೆ. ಪೊಲೀಸರು ನೂರಾ ಹನ್ನೆರಡನೆಯ ಪುಟಕ್ಕೆ ಚೀಟಿ ಸಿಕ್ಕಿಸಿದ್ದರು. ‘ಹುಣ್ಣಿಮೆಯ ಸಂಜೆಗೆ ಒಂದು ಪಾನೀಯ’ ಎಂಬ ತಲೆಬರಹದ ಕೆಳಗೆ ಒಂದು ಗಿಡದ ಎಲೆ, ಅದರ ಅಳತೆ. ಆ ಗಿಡದ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಇನ್ಯಾರೋ ಕುದಿಸಿ ಕುಡಿದಾರು. ಹೃದಯದ ಬಡಿತವನ್ನೇ ಹಿಡಿದು ನಿಲ್ಲಿಸುವಂಥದ್ದು ಎಂದು ಡಾಕ್ಟರು ಹೇಳಿದ್ದಾರೆ.

ಪುಟ್ಟಿ ಪುಸ್ತಕವನ್ನು ಹಿಂದಿನಿಂದ ಓದುತ್ತಾಳೆ. “ಕೊನೇಲಿರೋ ವಿಷಯಸೂಚಿ ನೋಡಿದ್ರೆ ಬರೆದವನ ಬುದ್ಧಿ ಗೊತ್ತಾಗುತ್ತೆ ಚಿಕ್ಕಮ್ಮ. ಮುನ್ನುಡೀಲಿ ಎಲ್ರೂ ಒಳ್ಳೆಯವರೇ,” ಎನ್ನುವುದು ಅವಳ ಮಾತು. ಅದನ್ನು ನೆನೆದು ನಾನೂ ಕೊನೆಯ ಪುಟಗಳನ್ನು ತಿರುವಿದೆ.

ಸೂಚಿಯಲ್ಲಿ ಆ ಗಿಡದ ಹೆಸರು ಒಂದೇ ಕಡೆ ಇತ್ತು. ಇನ್ನೂರಾ ಮೂರನೆಯ ಪುಟ. ತೆಗೆದು ನೋಡಿದರೆ ಅಧ್ಯಾಯದ ಹೆಸರು ‘ಮುಟ್ಟಲೇಬಾರದ ಗಿಡಗಳು’.

ಹಾಗಾದರೆ ನೂರಾ ಹನ್ನೆರಡರಲ್ಲಿ ಇರಬೇಕಾದದ್ದೇನು? ಬೆರಳಿಟ್ಟು ಹುಡುಕಿದೆ. ಪುದೀನ. ಬರೀ ಪುದೀನ. ಆದರೆ ಆ ಪುಟದಲ್ಲಿ ಪುದೀನದ ಸುಳಿವೇ ಇರಲಿಲ್ಲ.

ಯಾರೋ ಹಾಳೆ ಬದಲಿಸಿದ್ದರು. ಸೂಚಿ ಬದಲಿಸಲು ಮರೆತಿದ್ದರು.

ನಾನು ಕೂತಲ್ಲಿಂದಲೇ ಪುಟ್ಟಿಯನ್ನು ಕೂಗಿದೆ. ಬಂದಳು. ಮೂರು ದಿನದಿಂದ ನಿದ್ದೆ ಇಲ್ಲದ ಮುಖ, ಕೈಯಲ್ಲಿ ಬೀಗದ ಕೈ ಗೊಂಚಲು. ಎರಡೂ ಪುಟ ತೋರಿಸಿದೆ. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ.

ಅವಳು ಸುಮ್ಮನೆ ನೋಡಿದಳು. ಆಮೇಲೆ ಮೆಲ್ಲಗೆ ಪುಸ್ತಕ ಮುಚ್ಚಿದಳು.

“ಸೂಚಿ ತಪ್ಪಿರಬಹುದು ಚಿಕ್ಕಮ್ಮ. ಎಷ್ಟೋ ಪುಸ್ತಕದಲ್ಲಿ ತಪ್ಪಿರುತ್ತೆ.”

“ಈ ಮಾತು ನೀನು ಹೇಳ್ತಿದ್ದೀಯಾ?”

“ತಲೆ ಓಡ್ತಿಲ್ಲ ನಂಗೆ. ನೀವು ಸುಮ್ನೆ ಆಸೆ ಇಟ್ಕೋಬೇಡಿ.”

“ಇದು ಯಾವತ್ತಾದ್ರೂ ರಿಪೇರಿಗೆ ಅಂತ ಹೋಗಿತ್ತಾ?”

“ಗೊತ್ತಿಲ್ಲ,” ಎಂದು ಕೌಂಟರಿಗೆ ಹೊರಟುಹೋದಳು.

ಹೆದರಿಕೆಗೆ ಹುಡುಗಿ ಹಣ್ಣಾಗಿದ್ದಾಳೆ ಎಂದುಕೊಂಡೆ. ಆಗ ನನಗೆ ಬೇರೇನೂ ಅನ್ನಿಸಲಿಲ್ಲ.

ಈಗ ನನ್ನ ಕೆಲಸ. ಪುಸ್ತಕದ ಹಾಳೆಗಳು ಒಂಟಿಯಾಗಿರುವುದಿಲ್ಲ, ಅವಳಿ ಜವಳಿ. ದೊಡ್ಡ ಕಾಗದವನ್ನು ಮಡಚಿ ನಡುವೆ ಹೊಲಿಯುವುದರಿಂದ ಈ ಕಡೆಯ ಒಂದು ಹಾಳೆಗೆ ಆ ಕಡೆ ಒಂದು ಜೊತೆ ಇದ್ದೇ ಇರುತ್ತದೆ. ಈ ಹಾಳೆಗೆ ಜೊತೆಯಿರಲಿಲ್ಲ. ಹಳೆಯದನ್ನು ಬುಡದಲ್ಲಿ ಕತ್ತರಿಸಿ, ಉಳಿದ ಅಂಚಿಗೆ ಹೊಸದನ್ನು ಅಂಟಿಸಲಾಗಿತ್ತು. ಅಂಟು ಎಲ್ಲೂ ಹರಿದಿರಲಿಲ್ಲ, ಸುಕ್ಕಿರಲಿಲ್ಲ. ಒಳ್ಳೆಯ ಕೈ. ಇಷ್ಟು ಅಚ್ಚುಕಟ್ಟಾಗಿ ಅಂಟಿಸುವವರು ಈ ಊರಲ್ಲಿ ಯಾರಿದ್ದಾರಪ್ಪಾ ಎಂದು ಮೂಗು ಹತ್ತಿರ ತಂದೆ.

ಲವಂಗದ ವಾಸನೆ ಬಂತು.

ಹುಳ ಬರಬಾರದೆಂದು ಮೈದಾ ಅಂಟಿಗೆ ಲವಂಗದೆಣ್ಣೆ ಬೆರೆಸುವವಳು ನಾನು. ನಾನೊಬ್ಬಳೇ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನಿಜವಾಗಿಯೂ ಹೆಗಲಿಗೆ ಹೋಯಿತು. ಬಾಗಿಲಾಚೆ ಕಾನ್‌ಸ್ಟೇಬಲ್ ಆಕಳಿಸುತ್ತಿದ್ದ.

ರಿಪೇರಿ ಪುಸ್ತಕ ತೆಗೆದೆ. ನಾನು ಮುಟ್ಟಿದ ಪ್ರತಿಯೊಂದಕ್ಕೂ ಅದರಲ್ಲಿ ಒಂದು ಸಾಲು ಬರೆದಿಡುತ್ತೇನೆ. ಮೂರು ವಾರದ ಹಿಂದೆ, ಮಂಗಳವಾರ: ‘ಬಿಡಿ ಹಾಳೆ ಒಂದು, 111–112, ಅಂಟಿಸಿದೆ. ಕೌಂಟರ್ ಬುಟ್ಟಿಯಿಂದ ಬಂದದ್ದು.’ ನನ್ನದೇ ಬರಹ.

ನೆನಪಾಯಿತು. ಹರಿದ ಪುಸ್ತಕಗಳ ಬುಟ್ಟಿಯಲ್ಲಿ ಅದೂ ಇತ್ತು, ಒಳಗೆ ಒಂದು ಬಿಡಿ ಹಾಳೆ. ಪುಟದ ಸಂಖ್ಯೆ ನೋಡಿದೆ, ಕಾಗದದ ಎಳೆ ನೋಡಿದೆ, ಅಂಟಿಸಿದೆ, ಒತ್ತಡಕ್ಕಿಟ್ಟೆ. ಓದಲಿಲ್ಲ. ಬೈಂಡರ್ ಓದುವುದಿಲ್ಲ. ‘ಓದ್ತಾ ಕೂತರೆ ಹೊಲಿಗೆ ಸೊಟ್ಟ’ ಎಂದು ನನಗೆ ಕೆಲಸ ಕಲಿಸಿದ ಅಪ್ಪ ಹೇಳುತ್ತಿದ್ದರು. ಮೂವತ್ತೊಂದು ವರ್ಷ ಆ ಮಾತನ್ನು ನಾನು ದೊಡ್ಡ ಜಾಣತನ ಎಂದೇ ತಿಳಿದಿದ್ದೆ.

ಕಂಪಾಸ್ ಟೀಚರ್ ಕುಡಿದ ವಿಷವನ್ನು ಪುಸ್ತಕಕ್ಕೆ ಅಂಟಿಸಿದ ಕೈ ನನ್ನದು. ಸ್ವಲ್ಪ ಹೊತ್ತು ನಾನು ಎದ್ದೇಳಲಿಲ್ಲ. ಎಲ್ಲ ಬಣ್ಣ ಮಸಿ ನುಂಗಿತು ಅಂತಾರಲ್ಲ, ಇಷ್ಟು ವರ್ಷದ ಒಳ್ಳೆಯ ಕೆಲಸವನ್ನೆಲ್ಲ ಈ ಒಂದು ಹಾಳೆ ನುಂಗಿತ್ತು.

ಅತ್ತರೆ ಐದು ಗಂಟೆ ಮುಂದಕ್ಕೆ ಹೋಗುವುದಿಲ್ಲ. ಹಾಳೆಯ ಮೇಲೆ ಬೆರಳಾಡಿಸಿದೆ. ಪುಸ್ತಕದ ಉಳಿದ ಪುಟಗಳೆಲ್ಲ ನುಣುಪು. ಈ ಒಂದು ಹಾಳೆಯಲ್ಲಿ ಮಾತ್ರ ಅಕ್ಷರಗಳು ಬೆರಳಿಗೆ ತಾಗುತ್ತಿದ್ದವು. ಸೀಸದ ಅಚ್ಚುಮೊಳೆ ಕಾಗದಕ್ಕೆ ಒತ್ತಿದ ಗುರುತು. ಈಗಿನ ಯಂತ್ರಗಳು ಹೀಗೆ ಒತ್ತುವುದಿಲ್ಲ.

ಈ ಊರಲ್ಲಿ ಇನ್ನೂ ಮೊಳೆ ಜೋಡಿಸಿ ಅಚ್ಚು ಹಾಕುವ ಪ್ರೆಸ್ಸು ಒಂದೇ. ಅದರ ಯಜಮಾನ ಕಂಪಾಸ್ ಟೀಚರ ಮೈದುನ. ದೂರು ಕೊಟ್ಟವನು. ಮಾಟದ ಪುಸ್ತಕಗಳನ್ನೆಲ್ಲ ರಸ್ತೆಗೆ ಹಾಕಿ ಸುಡಿ ಎಂದು ಲೈಬ್ರರಿಯ ಮುಂದೆ ಕೂಗಾಡಿದವನು.

ಆಗಲೇ ಮೂರೂಕಾಲು. ಬ್ಯಾಗು ಹೆಗಲಿಗೇರಿಸಿ ಹೊರಟೆ.

ಪ್ರೆಸ್ಸು ಸಾಮಿಲ್ಲಿನ ಹಿಂದಿನ ಗಲ್ಲಿಯಲ್ಲಿದೆ. ತಗಡಿನ ಸೂರು, ಗೋಡೆಯುದ್ದಕ್ಕೂ ಮೊಳೆ ತುಂಬಿದ ಮರದ ಖಾನೆಗಳು, ನಡುವೆ ಕಾಲಿನಿಂದ ತುಳಿಯುವ ಯಂತ್ರ. ಪ್ರೆಸ್ಸಿನವರು ಯಂತ್ರದ ಮುಂದೆ ನಿಂತಿದ್ದರು. ಐವತ್ತರ ಮೇಲಿನ ವಯಸ್ಸು, ಮೊಣಕೈವರೆಗೆ ಮಸಿ. ಕೂತುಕೊಳ್ಳಿ ಎನ್ನಲಿಲ್ಲ.

“ನಿಮ್ಮ ಹುಡುಗಿ ಪರವಾಗಿ ಬಂದಿದ್ರೆ ಬಂದ ದಾರೀಲೇ ಹೋಗಿ.”

“ನೂರಾ ಹನ್ನೆರಡನೇ ಪುಟದ ಪರವಾಗಿ ಬಂದಿದ್ದೀನಿ.”

“ಅಂದ್ರೆ?”

“ಆ ಹಾಳೆ ಅಚ್ಚಾಗಿದ್ದು ಇಲ್ಲಿ.”

ಅವರ ಕಾಲು ನಿಂತಿತು. ಯಂತ್ರ ಎರಡು ಸುತ್ತು ತಾನೇ ತಿರುಗಿ ನಿಂತಿತು.

“ನಮ್ಮ ಅತ್ತಿಗೆ ಅಲ್ಲಿ ಜೀವ ಹಿಡ್ಕೊಂಡು ಮಲಗಿದ್ದಾರೆ. ನೀವು ಇಲ್ಲಿ ಬಂದು ನನ್ನ ಮೇಲೇ ತಿರುಗಿಸ್ತೀರಾ?”

“ಪುಸ್ತಕ ಸುಡಿ ಅಂತ ಕೂಗಿದ್ದು ಯಾಕೆ? ಸುಟ್ಟುಹೋದ್ರೆ ಹಾಳೆ ಯಾರೂ ಮುಟ್ಟಿ ನೋಡಲ್ಲ ಅಂತಾನಾ?”

“ನಾಲಿಗೆ ಹಿಡ್ಕೊಂಡು ಮಾತಾಡಿ.”

“ಹಿಡ್ಕೊಂಡೇ ಇದ್ದೀನಿ. ಬಿಟ್ರೆ ಇನ್ನೂ ಉದ್ದ ಇದೆ.”

ಅವರು ಮಸಿ ಬಟ್ಟೆಯಿಂದ ಕೈ ಒರೆಸಿಕೊಂಡರು. ಎಷ್ಟು ಒರೆಸಿದರೂ ಹೋಗದ ಮಸಿ ಅದು. ಒರೆಸುತ್ತಲೇ ಇದ್ದರು.

“ಅಪ್ಪ ಅಮ್ಮ ಹೋದಾಗ ನಾನು ಎಂಟು ವರ್ಷದವನು,” ಎಂದರು, ನನ್ನ ಮುಖ ನೋಡದೆ. “ಅಣ್ಣ ಕೆಲಸಕ್ಕೆ ಹೋಗೋನು. ನಂಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದ್ದು ಅತ್ತಿಗೆ. ಅವರಿಗೆ ನಾನು ವಿಷ ಹಾಕ್ತೀನಾ?”

ದನಿ ಸುಳ್ಳಿನದಾಗಿರಲಿಲ್ಲ. ಆದರೆ ಸುಳ್ಳು ಹೇಳುವವರು ದನಿಯನ್ನೇ ಮೊದಲು ಸರಿ ಮಾಡಿಕೊಳ್ಳುತ್ತಾರೆ. ನಾನು ಜಗ್ಗಲಿಲ್ಲ.

“ಹಾಗಾದ್ರೆ ಹೇಳಿ. ಲೈಬ್ರರಿಗೆ ಅಂತ ಒಂದು ಹಾಳೆ ಅಚ್ಚು ಹಾಕಿದ್ದೀರೋ ಇಲ್ಲವೋ?”

ಮಸಿ ಬಟ್ಟೆಯನ್ನು ಪಕ್ಕಕ್ಕಿಟ್ಟರು. “ಲೈಬ್ರರಿಗೆ ಒಂದು ಹಾಳೆ... ಹೌದು, ಹಾಕಿದ್ದೆ. ಒಂದು ತಿಂಗಳಾಯ್ತೇನೋ. ಯಾವುದೋ ಪುಸ್ತಕದ ಹಾಳೆ ಕಳೆದುಹೋಗಿದೆ, ಇನ್ನೊಂದು ಪ್ರತಿ ನೋಡಿ ಬರ್ಕೊಂಡಿದ್ದಾರೆ, ನೀನೊಂದು ಅಚ್ಚು ಹಾಕಿಕೊಡು ಅಂತ ಅತ್ತಿಗೇನೇ ಲಕೋಟೆ ತಂದುಕೊಟ್ರು.”

“ಅತ್ತಿಗೇನೇ?”

“ಲೈಬ್ರರಿಯೋರು ಅವರ ಕೈಲಿ ಕಳಿಸಿದ್ರಂತೆ, ಯಾರು ಅಂತ ನಾನು ಕೇಳ್ಲಿಲ್ಲ. ಮೈದುನನ ಪ್ರೆಸ್ಸಿದೆ ಅಂತ ಎಲ್ರಿಗೂ ಗೊತ್ತಲ್ಲ. ಲಕೋಟೆಗೆ ಅಂಟು ಹಾಕಿತ್ತು. ಅವರು ಬಿಚ್ಚಿ ನೋಡಿರಲಿಲ್ಲ.”

“ನೀವು?”

“ನಾನು ಮೊಳೆ ಜೋಡಿಸಿದೆ.”

“ಓದ್ಲಿಲ್ವಾ?”

“ಮೊಳೆ ಜೋಡಿಸೋನು ಅಕ್ಷರ ನೋಡ್ತಾನೆ. ಅರ್ಥ ನೋಡ್ತಾ ಕೂತ್ರೆ ಸಾಲು ತಪ್ಪುತ್ತೆ.”

ನನಗೆ ಬೈಯಬೇಕೆನಿಸಿತು. ಬೈಯಲು ಬಾಯಿ ಬರಲಿಲ್ಲ. ಅಪ್ಪನ ಮಾತೇ ಬೇರೆ ಬಾಯಿಂದ ಬಂದಿತ್ತು.

“ಆ ಲಕೋಟೇಲಿದ್ದ ಕಾಗದ ಇದೆಯಾ?”

ಮೇಜಿನ ಮೇಲೆ ಮರದ ಹಲಗೆಗೆ ನೆಟ್ಟ ಉದ್ದನೆಯ ಕಬ್ಬಿಣದ ಮುಳ್ಳಿತ್ತು. ಕೆಲಸ ಮುಗಿದ ಕಾಗದಗಳನ್ನೆಲ್ಲ ಅದಕ್ಕೆ ಚುಚ್ಚಿಟ್ಟಿದ್ದರು. ತಪ್ಪಾಗಿದೆ ಎಂದು ಗಿರಾಕಿ ಜಗಳಕ್ಕೆ ಬಂದರೆ ತೋರಿಸಲು ಎರಡು ತಿಂಗಳು ಹಾಗೇ ಇಡುತ್ತಾರೆ. ಮದುವೆ ಕರೆಯೋಲೆ, ರಸೀದಿ, ವಿಸಿಟಿಂಗ್ ಕಾರ್ಡು, ಒಂದೊಂದೇ ಮೇಲೆತ್ತಿ ತೆಗೆದರು. ಕೊನೆಗೆ ಎರಡು ಕಾಗದ ಬಂದವು. ಒಂದು, ನೂರಾ ಹನ್ನೊಂದನೆಯ ಪುಟದ ಜೆರಾಕ್ಸ್. ಇನ್ನೊಂದು ಕೈಬರಹ.

ಕೈಬರಹದ್ದನ್ನು ಅವರು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದತೊಡಗಿದರು. ಮೂರನೆಯ ಸಾಲಿನಲ್ಲಿ ಆ ಗಿಡದ ಹೆಸರು ಬಂತು. ಡಾಕ್ಟರು ಮೂರು ದಿನದಿಂದ ಅವರಿಗೆ ಹೇಳುತ್ತಿದ್ದ ಅದೇ ಹೆಸರು.

ದನಿ ಅಲ್ಲಿಗೇ ನಿಂತಿತು. ಸ್ಟೂಲು ಹುಡುಕಿ ಕೂತರು.

“ಇದನ್ನ... ಅವರ ಕೈಯಿಂದಲೇ ಇಸ್ಕೊಂಡು... ನಾನೇ,” ಎಂದರು. ಮಸಿ ಕೈಯಲ್ಲೇ ಮುಖ ಮುಚ್ಚಿಕೊಂಡರು.

“ನಾನೂ ಓದ್ಲಿಲ್ಲ,” ಎಂದೆ. “ಅಂಟಿಸಿದ್ದು ನಾನು.”

ಇಬ್ಬರೂ ಅಲ್ಲೇ ಕೂತೆವು. ಅರ್ಧ ಗಂಟೆಯ ಹಿಂದೆ ಅವರ ಕತ್ತು ಹಿಸುಕಲು ಬಂದವಳು ನಾನು. ಈಗ ಅವರಿಗೆ ಕುಡಿಯಲು ನೀರು ಎಲ್ಲಿದೆ ಎಂದು ಹುಡುಕಿದೆ.

ನೀರು ಕೊಟ್ಟು ಕಾಗದ ಕೈಗೆ ತೆಗೆದುಕೊಂಡೆ.

ಆಗ ನೋಡಿದೆ. ಬಲಕ್ಕೆ ವಾಲಿದ ಪುಟ್ಟ ಅಕ್ಷರ, ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಕೆಳಗೆ ಬಾಗುವ ಚಾಳಿ. ಈ ಕೈಯನ್ನು ನಾನೇ ಹಿಡಿದು ತಿದ್ದಿಸಿದ್ದೆ. ನನ್ನ ಕೋಣೆಯ ರಟ್ಟಿನ ಚೂರುಗಳ ಮೇಲೆಲ್ಲ ಈ ಬರಹವಿದೆ, ಲೈಬ್ರರಿಯ ಪ್ರತಿ ಕಾರ್ಡಿನ ಮೇಲೂ ಇದೆ.

“ಯಾರ ಬರಹ ಅದು?” ಪ್ರೆಸ್ಸಿನವರು ಕೇಳಿದರು.

“ನೋಡ್ಬೇಕು,” ಎಂದೆ. ನನ್ನ ದನಿ ನನಗೇ ಬೇರೆಯವರದಾಗಿ ಕೇಳಿಸಿತು.

ಕಾಗದದ ಮೇಲಂಚು ಕತ್ತರಿಯಿಂದ ನೇರವಾಗಿ ಕತ್ತರಿಸಿತ್ತು. ಕತ್ತರಿ ಹೋದ ಜಾಗದಲ್ಲಿ ಕೂದಲೆಳೆಯಷ್ಟು ಕೆಂಪು. ಶಾಯಿ. ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಹಾಳೆಗಳನ್ನು ನಾನು ಒಂದೇ ಕಡೆ ನೋಡಿದ್ದೇನೆ. ಅವಳು ಒಲ್ಲೆ ಎಂದ ಪುಸ್ತಕಗಳ ಬೀರುವಿನಲ್ಲಿ.

ಕದ್ದಿರಬಹುದು ಎಂದುಕೊಂಡೆ. ಯಾರೋ ಆ ಹಾಳೆ ಕದ್ದು, ‘ಬೇಡ’ ಎಂಬುದನ್ನು ಕತ್ತರಿಸಿ, ಲಕೋಟೆಗೆ ಹಾಕಿರಬಹುದು. ಹಾಗಿದ್ದರೆ ಈ ಕಾಗದವೇ ಅವಳನ್ನು ಕಾಪಾಡುತ್ತದೆ. ಈ ಕಷಾಯ ಬೇಡ ಎಂದು ಅವಳೇ ಬರೆದಿಟ್ಟಿದ್ದಳಲ್ಲ. ಹಾಗಲ್ಲದಿದ್ದರೆ ಇದೇ ಅವಳನ್ನು ಮುಳುಗಿಸುತ್ತದೆ. ಈ ಎಲೆ ಏನು ಮಾಡುತ್ತದೆಂದು ಡಾಕ್ಟರನ್ನು ಬಿಟ್ಟರೆ ಈ ಊರಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

“ಇದನ್ನ ಇನ್ಸ್‌ಪೆಕ್ಟರ್‌ಗೆ ಕೊಡ್ತೀನಿ,” ಎಂದೆ.

“ಕೊಡಿ. ನಾನೂ ಕೈ ತೊಳ್ಕೊಂಡು ಹಿಂದೇನೇ ಬರ್ತೀನಿ. ಲೈಬ್ರರಿ ಹೆಸರಲ್ಲಿ ಇನ್ಯಾರೋ ಆಟ ಆಡಿದ್ದಾರೆ, ದೂರು ವಾಪಸ್ ತಗೋಬೇಕು. ಆ ಹುಡುಗಿಗೆ ಏನೇನೋ ಅಂದುಬಿಟ್ಟೆ.”

ಕಾಗದ ಮಡಚಿ ಬ್ಯಾಗಿನೊಳಗೆ, ಸೂಜಿ ಡಬ್ಬಿಯ ಕೆಳಗೆ ಇಟ್ಟೆ.

ನಾನು ಲೈಬ್ರರಿ ಮುಟ್ಟಿದಾಗ ನಾಲ್ಕೂವರೆ. ಓದುವ ಮೇಜುಗಳೆಲ್ಲ ಖಾಲಿ. ಮೂರು ದಿನದಿಂದ ಜನ ಬರುವುದೇ ಕಡಿಮೆಯಾಗಿದೆ. ಪುಟ್ಟಿ ಕೌಂಟರಿನಲ್ಲಿ ಪೆನ್ಸಿಲುಗಳನ್ನು ಒಂದೇ ಉದ್ದಕ್ಕೆ ಜೋಡಿಸುತ್ತ ಕೂತಿದ್ದಳು. ಚಿಕ್ಕಂದಿನಿಂದಲೂ ಅಷ್ಟೆ, ಮನಸ್ಸು ಕೆಟ್ಟರೆ ಏನಾದರೂ ಜೋಡಿಸುತ್ತಾಳೆ.

“ಆ ಬೇಡದ ಬೀರುವಿನ ಕೈ ಕೊಡೇ,” ಎಂದೆ.

“ಯಾಕೆ?”

“ಒಂದು ಹಾಳೆ ನೋಡ್ಬೇಕು.”

“ಈಗ್ಯಾಕೆ ಚಿಕ್ಕಮ್ಮ. ಅವರು ಬರೋ ಹೊತ್ತಾಯ್ತು.”

“ಕೊಡು ಅಂದೆ.”

ಗೊಂಚಲಿನಿಂದ ಬಿಡಿಸಿಕೊಟ್ಟಳು. ನಾನೇ ಹೋಗಿ ಬೀಗ ತೆಗೆದೆ.

ಬೀಗ ಒಡೆದ ಗುರುತಿರಲಿಲ್ಲ, ಕದದ ಮೇಲೆ ಗೀರಿರಲಿಲ್ಲ. ಹಾಳೆಗಳು ಸಂಖ್ಯೆಯ ಪ್ರಕಾರ ಕಟ್ಟಿನಲ್ಲಿದ್ದವು. ಒಂದು, ಎರಡು, ಮೂರು... ಇಪ್ಪತ್ತಾರಾದ ಮೇಲೆ ಇಪ್ಪತ್ತೆಂಟು. ಇಪ್ಪತ್ತೇಳನೆಯದು ಇರಲಿಲ್ಲ.

“ಈ ಬೀಗದ ಕೈ ಬೇರೆ ಯಾರ ಹತ್ರನಾದ್ರೂ ಇದೆಯಾ?” ಕೌಂಟರಿನ ಕಡೆ ತಿರುಗದೆ ಕೇಳಿದೆ.

“ಇಲ್ಲ.”

“ಯಾರಿಗಾದ್ರೂ ಕೊಟ್ಟಿದ್ಯಾ? ನೆನಪು ಮಾಡ್ಕೋ. ಒಂದು ನಿಮಿಷಕ್ಕಾದ್ರೂ?”

“ಯಾರಿಗೂ ಕೊಡಲ್ಲ ನಾನು.”

ಹೌದು ಎಂದಿದ್ದರೆ ಸಾಕಿತ್ತು. ಯಾರ ಹೆಸರು ಹೇಳಿದ್ದರೂ ನಾನು ನಂಬುತ್ತಿದ್ದೆ. ನಂಬಲು ಕಾದು ನಿಂತಿದ್ದೆ.

‘ಸೂಚಿ ತಪ್ಪಿರಬಹುದು ಚಿಕ್ಕಮ್ಮ.’ ಬೆಳಿಗ್ಗೆ ಅವಳಾಡಿದ ಮಾತು ಈಗ ಬಂದು ಎದೆಗೆ ನಾಟಿತು. ಸೂಚಿಯಿಲ್ಲದ ಪುಸ್ತಕವನ್ನು ಬಾಗಿಲಿನಿಂದಲೇ ವಾಪಸು ಕಳಿಸುವ ಹುಡುಗಿ ಅದು. ತನ್ನನ್ನು ಉಳಿಸಬಲ್ಲ ಸೂಚಿಯನ್ನೇ ಅವಳು ಸುಳ್ಳೆಂದಳು.

ಹೊರಗೆ ಜೀಪು ನಿಂತಿತು. ಇನ್ಸ್‌ಪೆಕ್ಟರ್ ಒಳಗೆ ಬಂದು ಗಡಿಯಾರ ನೋಡಿದರು. ಐದಕ್ಕೆ ಇನ್ನೂ ನಾಲ್ಕು ನಿಮಿಷ ಬಾಕಿಯಿತ್ತು.

“ಏನು ಸೂಜಿಯಮ್ಮ, ಏನಾದ್ರೂ ಸಿಕ್ತಾ?”

ಪುಟ್ಟಿ ಎದ್ದು ನಿಂತಳು. ಇಪ್ಪತ್ತು ವರ್ಷ ಹಿಂದೆ ಅಕ್ಕನ ಹೆಣದ ಪಕ್ಕದಲ್ಲಿ ನಿಂತಿದ್ದಂತೆಯೇ ಎರಡೂ ಕೈ ಕಟ್ಟಿಕೊಂಡು ನಿಂತಿದ್ದಳು. ನಾನು ಯಾವತ್ತೂ ಪೊಲೀಸರಿಗೆ ಸುಳ್ಳು ಹೇಳಿದವಳಲ್ಲ. ಹೊಲಿಗೆಗೂ ಹೇಳಿದವಳಲ್ಲ. ಆದರೆ ಪುಸ್ತಕ ಕೊಟ್ಟ ತಪ್ಪಿಗೆ ಒಳಗೆ ಹೋದವಳು ಹೊರಗೆ ಬಂದಾಳು, ಈ ಕಾಗದ ಸಿಕ್ಕರೆ ಬರಲಾರಳು. ನನ್ನ ಕೈ ಬ್ಯಾಗಿನ ಮೇಲೆ ಗಟ್ಟಿಯಾಗಿ ಕೂತಿತ್ತು.

“ಇಲ್ಲ,” ಎಂದೆ. “ಏನೂ ಸಿಗ್ಲಿಲ್ಲ.”

ಏನೂ ಸಿಗದಿದ್ದರೆ ಅವಳು ಜೈಲಿಗೆ. ತಪ್ಪಿಲ್ಲದವಳಾಗಿದ್ದರೆ ಆ ಮಾತು ಕೇಳಿ ಕುಸಿಯಬೇಕಿತ್ತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಮೂರು ದಿನದಿಂದ ಬಿಗಿದುಕೊಂಡಿದ್ದ ಹೆಗಲು ಇಳಿಯಿತು, ಒಂದು ದೀರ್ಘ ಉಸಿರು ಹೊರಬಂತು. ಅವಳಿಗೆ ನೆಮ್ಮದಿಯಾಗಿತ್ತು.

ಇನ್ಸ್‌ಪೆಕ್ಟರ್ ಕೂಡ ನನ್ನನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದರು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಪ್ರೆಸ್ಸಿನವರು ಬಂದರು. ಓಡಿಬಂದಿದ್ದರು, ಏದುಸಿರು. ಎಷ್ಟು ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಮಸಿ ಹಾಗೇ ಇತ್ತು.

“ಕೊಟ್ರಾ ಅಮ್ಮಾ?” ಎಂದು ನನ್ನನ್ನೇ ಕೇಳಿದರು. “ಆ ಕಾಗದ ಕೊಟ್ರಾ ಇವರಿಗೆ?”

“ಯಾವ ಕಾಗದ?” ಎಂದರು ಇನ್ಸ್‌ಪೆಕ್ಟರ್.

“ಯಾವ ಕಾಗದ?” ಎಂದ ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್.

ಪುಟ್ಟಿ ಮಾತ್ರ ಯಾವ ಕಾಗದ ಎಂದು ಕೇಳಲಿಲ್ಲ. ನನ್ನ ಬ್ಯಾಗಿನ ಕಡೆ ನೋಡಿದಳು.